ಫೈರ್‌ವಾಲ್ ಸರಿಯಾಗಿಯೇ ಇತ್ತು: ಒಂದು ಒಳಜಾಲ ಪರೀಕ್ಷೆಯ ಪ್ರಕರಣ ಅಧ್ಯಯನ

ಪೆನೆಟ್ರೇಶನ್ ಟೆಸ್ಟಿಂಗ್‌ಗೆ, ಅಂದರೆ ಅನುಮತಿ ಪಡೆದು ದಾಳಿ ಮಾಡಿ ಜಾಲದ ರಕ್ಷಣೆಯನ್ನು ಪರೀಕ್ಷಿಸುವ ಕೆಲಸಕ್ಕೆ, ಬರಬೇಕೆನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಟೂಲ್‌ಗಳ ದೊಡ್ಡ ಪಟ್ಟಿಯೇ ಇರುತ್ತದೆ. ಯಾವ ಟೂಲ್ ಏನು ಮಾಡುತ್ತದೆ ಎಂಬುದೂ ಗೊತ್ತಿರುತ್ತದೆ. ಟೂಲ್ ಕೊಟ್ಟ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ಫೋನ್ ಎತ್ತಿ ಅನುಮತಿ ಕೇಳಬೇಕು ಎನ್ನುವುದು ಮಾತ್ರ ಕೆಲಸಕ್ಕೆ ಇಳಿದ ಮೇಲೆಯೇ ತಿಳಿಯುವುದು. ಅದಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಗುರುತು ಸಿಗದಂತೆ ಯಂತ್ರಗಳ ಹೆಸರು, ಐಪಿ ವಿಳಾಸಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸಂಸ್ಥೆ ಮಧ್ಯಮ ಗಾತ್ರದ್ದು. ಒಳಜಾಲವನ್ನು ಮೂರು ವಿಎಲ್ಯಾನ್‌ಗಳಾಗಿ (ಒಂದೇ ಜಾಲದೊಳಗಿನ ಪ್ರತ್ಯೇಕ ಭಾಗಗಳಾಗಿ) ವಿಂಗಡಿಸಿದ್ದರು. ಕಚೇರಿ ಭಾಗದಲ್ಲಿ ಸಿಬ್ಬಂದಿಯ ಕಂಪ್ಯೂಟರುಗಳು ಮತ್ತು ಪ್ರಿಂಟರುಗಳು. ಸರ್ವರ್ ಭಾಗದಲ್ಲಿ ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ಪರಿಶೀಲಿಸುವ ಯಂತ್ರ), ಫೈಲ್ ಸರ್ವರ್, ಬ್ಯಾಕಪ್ ಸರ್ವರ್. ಲೆಕ್ಕಪತ್ರ ಭಾಗದಲ್ಲಿ ಪಾವತಿಗಳ ಡೇಟಾಬೇಸ್. ಮೂರರ ನಡುವೆ, ಯಾವ ಸಂಚಾರ ದಾಟಬಹುದು ಎಂದು ನಿರ್ಧರಿಸುವ ಫೈರ್‌ವಾಲ್. ನಮ್ಮ ಕೈಗೆ ಬಂದ ನಕ್ಷೆಯಲ್ಲಿ ಕಚೇರಿಯಿಂದ ಲೆಕ್ಕಪತ್ರಕ್ಕೆ ಒಂದೇ ಒಂದು ಗೆರೆಯೂ ಇರಲಿಲ್ಲ.

ಅವರು ಕೇಳಿದ್ದ ಪ್ರಶ್ನೆಯೂ ಅಷ್ಟೇ ನೇರ: ಕಚೇರಿಯ ಗೋಡೆಯಲ್ಲಿರುವ ಯಾವುದೋ ನೆಟ್‌ವರ್ಕ್ ಸಾಕೆಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದವನು, ಯೂಸರ್‌ನೇಮ್, ಪಾಸ್‌ವರ್ಡ್ ಏನೂ ಇಲ್ಲದೆ, ಆ ಡೇಟಾಬೇಸ್ ತನಕ ಮುಟ್ಟಬಲ್ಲನೇ?

ಪರೀಕ್ಷೆಗೆ ಮೊದಲು ಸಹಿ ಮಾಡಿದ ಅನುಮತಿ ಪತ್ರವಿತ್ತು. ಅದರಲ್ಲಿ ಯಾವ ಐಪಿ ಶ್ರೇಣಿಗಳು ಪರೀಕ್ಷೆಗೆ ಒಳಪಟ್ಟಿವೆ, ಯಾವ ಹೊತ್ತಿನಲ್ಲಿ ಕೆಲಸ ಮಾಡಬಹುದು, ಏನಾದರೂ ಕೆಟ್ಟರೆ ಯಾರಿಗೆ ಕರೆ ಮಾಡಬೇಕು ಎಂಬುದೆಲ್ಲ ಇತ್ತು. ಮುಂದೆ ಮುಖ್ಯವಾದ ಎರಡು ಷರತ್ತುಗಳು ಇವು: ಚಾಲ್ತಿಯಲ್ಲಿರುವ ಯಾವ ಸಾಧನದ ಸೆಟ್ಟಿಂಗನ್ನೂ ಕೇಳದೆ ಬದಲಿಸಬಾರದು, ಡೇಟಾಬೇಸ್ ತಲುಪಬಹುದು ಎಂದು ಸಾಬೀತಾದೊಡನೆ ನಿಲ್ಲಿಸಬೇಕು, ಒಳಗಿನ ಮಾಹಿತಿ ಓದಬಾರದು. ಇಂಥ ಪತ್ರವಿಲ್ಲದೆ ಬೇರೆಯವರ ಜಾಲದಲ್ಲಿ ಇದನ್ನೆಲ್ಲ ಮಾಡಿದರೆ ಅದು ಪರೀಕ್ಷೆಯಲ್ಲ, ಅಪರಾಧ.

ಸ್ಕ್ಯಾನ್ ಹೇಳಿದ್ದು, ಹೇಳದಿದ್ದದ್ದು

ಜೊತೆಗೆ ತರಬೇತಿಯಲ್ಲಿದ್ದ ಕಿರಿಯ ಸಹೋದ್ಯೋಗಿಯೊಬ್ಬಳಿದ್ದಳು. ಮೊದಲ ಸ್ಕ್ಯಾನ್ ಆಕೆಯದ್ದೇ. ಎನ್‌ಮ್ಯಾಪ್ ಎಂಬ ಸ್ಕ್ಯಾನ್ ಟೂಲ್ ತಾನಾಗಿ ನೋಡುವುದು ಹೆಚ್ಚು ಬಳಕೆಯ 1000 ಪೋರ್ಟ್‌ಗಳನ್ನು (ಯಂತ್ರದ ಸೇವೆಗಳಿಗಿರುವ ಸಂಖ್ಯೆಯ ಬಾಗಿಲುಗಳನ್ನು) ಮಾತ್ರ ಎಂದು ಆಕೆಗೆ ಗೊತ್ತಿತ್ತು. ಹಾಗಾಗಿ ಲೆಕ್ಕಪತ್ರ ಭಾಗದ ಮೇಲೆ 65,535 ಟಿಸಿಪಿ ಪೋರ್ಟ್‌ಗಳನ್ನೂ, ನಿಧಾನದ ವೇಗದಲ್ಲಿ, ಓಡಿಸಿದಳು. ಎಲ್ಲದಕ್ಕೂ ಬಂದದ್ದು ಒಂದೇ ಉತ್ತರ: ಫಿಲ್ಟರ್ಡ್.

"ಸರ್, ಇದು ಗಟ್ಟಿಯಾಗಿದೆ. ಇಲ್ಲಿಗೆ ಮುಗೀತಲ್ವಾ?" ಎಂದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಸಬರ ವರದಿಗಳು ಹೆಚ್ಚಾಗಿ ಹಳಿ ತಪ್ಪುವುದು ಇಲ್ಲಿಯೇ. ನಾವು ಒಂದು ಪೋರ್ಟ್‌ಗೆ ಸಂಪರ್ಕ ಕೋರುವ ಸಿನ್ ಪ್ಯಾಕೆಟ್ ಕಳಿಸುತ್ತೇವೆ. ಆ ಕಡೆ ಸೇವೆ ಕಾಯುತ್ತಿದ್ದರೆ ಸಿನ್-ಆ್ಯಕ್ ಬರುತ್ತದೆ, ಅದು ಓಪನ್. ಯಂತ್ರವಿದ್ದು ಸೇವೆ ಇಲ್ಲದಿದ್ದರೆ ರೀಸೆಟ್ ಬರುತ್ತದೆ, ಅದು ಕ್ಲೋಸ್ಡ್. ಏನೂ ಬರದಿದ್ದರೆ, ಅಥವಾ ನಡುವಿನ ಸಾಧನವೊಂದು ಐಸಿಎಂಪಿ ಮೂಲಕ ಅಡ್ಡಿಯಿದೆ ಎಂದು ತಿಳಿಸಿದರೆ, ಅದು ಫಿಲ್ಟರ್ಡ್. ಅಂದರೆ ಫಿಲ್ಟರ್ಡ್ ಎಂಬುದು ಆ ಯಂತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ನಾವು ಕೂತಿರುವ ಜಾಗದಿಂದ, ನಮ್ಮ ಐಪಿಯಿಂದ, ಈ ದಾರಿಯಲ್ಲಿ ಪ್ಯಾಕೆಟ್ ದಾಟುತ್ತಿಲ್ಲ ಎಂದಷ್ಟೇ ಅದರ ಅರ್ಥ. ಬೇರೆ ಜಾಗದಿಂದ ನೋಡಿದರೆ ಅದೇ ಪೋರ್ಟ್ ತೆರೆದೇ ಇರಬಹುದು.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಿಕೊಂಡೆವು. ಲೆಕ್ಕಪತ್ರ ಭಾಗದಲ್ಲಿ ಏನು ತೆರೆದಿದೆ ಎಂದು ಕೇಳುವ ಬದಲು, ಅಲ್ಲಿಗೆ ಹೋಗುವ ಹಕ್ಕು ಯಾವ ಯಂತ್ರಕ್ಕಿದೆ, ಆ ಯಂತ್ರಕ್ಕೆ ನಾವು ಹೋಗಬಲ್ಲೆವೇ ಎಂದು ಕೇಳತೊಡಗಿದೆವು.

ಕೈಗೂಡದ ದಾರಿ

ಮೊದಲು ಏನನ್ನೂ ಕಳಿಸದೆ ಕೇಳಿಸಿಕೊಂಡೆವು. ಜಾಲದ ಸಂಚಾರ ತೋರಿಸುವ ವೈರ್‌ಶಾರ್ಕ್ ತೆರೆದು ಕೂತರೆ ಸಾಕು, ಎಲ್ಲರಿಗೂ ಇಲ್ಲವೇ ಒಂದು ಗುಂಪಿಗೆ ಹೋಗುವ ಬ್ರಾಡ್‌ಕಾಸ್ಟ್ ಮತ್ತು ಮಲ್ಟಿಕಾಸ್ಟ್ ಮಾತುಗಳೆಲ್ಲ ತಾವಾಗಿಯೇ ಕಿವಿಗೆ ಬೀಳುತ್ತವೆ. ಯಾರು ಯಾರ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ) ವಿಳಾಸ ಕೇಳುತ್ತಿದ್ದಾರೆ, ಯಾವ ಪ್ರಿಂಟರ್ ತನ್ನ ಇರವನ್ನು ಸಾರುತ್ತಿದೆ ಎಂಬುದೆಲ್ಲ. ಅದರಲ್ಲಿ ಪದೇ ಪದೇ ಕಂಡದ್ದು ಯುಡಿಪಿ 5355ರ ಎಲ್‌ಎಲ್‌ಎಂಎನ್‌ಆರ್ ಕೋರಿಕೆ. ಒಂದಿಷ್ಟು ಕಂಪ್ಯೂಟರುಗಳು ಎಂದೋ ತೆಗೆದುಹಾಕಿದ ಫೈಲ್ ಸರ್ವರ್‌ನ ಹೆಸರನ್ನು ಹಿಡಿದು ಇನ್ನೂ ಹುಡುಕುತ್ತಿದ್ದವು. ಹೆಸರಿಗೆ ಐಪಿ ಯಾವುದೆಂದು ತಿಳಿಸುವ ಡಿಎನ್‌ಎಸ್‌ನಲ್ಲಿ ಸಿಗದ ಹೆಸರನ್ನು ವಿಂಡೋಸ್ ಹೀಗೆ ಅಕ್ಕಪಕ್ಕದವರನ್ನೆಲ್ಲ ಕೇಳುತ್ತದೆ. ಯಾರು ಬೇಕಾದರೂ "ಆ ಹೆಸರು ನನ್ನದೇ" ಎನ್ನಬಹುದು.

ಅನುಮತಿಯೊಳಗೇ ಇದ್ದ ಕಾರಣ ನಾವೂ ಹಾಗೆಂದೆವು. ಕೆಲವು ಎನ್‌ಟಿಎಲ್‌ಎಂ (ವಿಂಡೋಸ್‌ನ ಒಂದು ಲಾಗಿನ್ ವಿಧಾನ) ದೃಢೀಕರಣ ಪ್ರಯತ್ನಗಳು ನಮ್ಮ ಲ್ಯಾಪ್‌ಟಾಪ್‌ಗೆ ಬಂದವು. ಬಂದದ್ದು ಪಾಸ್‌ವರ್ಡ್ ಅಲ್ಲ. ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಒಂದು ಉತ್ತರ ಮಾತ್ರ. ಅದನ್ನು ಎರಡು ರೀತಿ ಬಳಸಬಹುದು: ಪದಪಟ್ಟಿ ಹಿಡಿದು ಒಡೆಯಲು ನೋಡಬಹುದು, ಇಲ್ಲವೇ ಆ ದೃಢೀಕರಣವನ್ನು ಹಾಗೆಯೇ ಇನ್ನೊಂದು ಯಂತ್ರಕ್ಕೆ ದಾಟಿಸಬಹುದು. ಒಡೆಯಲು ಆಗಲಿಲ್ಲ, ಸಿಬ್ಬಂದಿಯ ಪಾಸ್‌ವರ್ಡ್‌ಗಳು ಉದ್ದವಾಗಿದ್ದವು. ದಾಟಿಸುವುದೂ ಆಗಲಿಲ್ಲ. ಗ್ರೂಪ್ ಪಾಲಿಸಿಯ ಮೂಲಕ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಎಸ್‌ಎಂಬಿ ಸೈನಿಂಗ್ (ಫೈಲ್ ಹಂಚಿಕೆಯ ಸಂದೇಶಗಳಿಗೆ ಸಹಿ) ಕಡ್ಡಾಯ ಮಾಡಿದ್ದರು. ಸೈನಿಂಗ್ ಕಡ್ಡಾಯವಿದ್ದಾಗ ಸೆಷನ್ ಕೀ ಗೊತ್ತಿಲ್ಲದ ನಡುವಿನವನು ಮುಂದಿನ ಸಂದೇಶಗಳಿಗೆ ಸಹಿ ಹಾಕಲಾರ, ಸಂಪರ್ಕ ಅಲ್ಲಿಗೇ ಬೀಳುತ್ತದೆ. ಡೊಮೇನ್ ಕಂಟ್ರೋಲರ್ ಮೇಲೆ ಇಂಥ ಪ್ರಯೋಗ ಒಪ್ಪಂದದ ಹೊರಗಿತ್ತು, ಹಾಗಾಗಿ ಆ ಕಡೆ ಹೋಗಲಿಲ್ಲ.

ವರದಿಯಲ್ಲಿ ಈ ಸೋಲಿಗೆ ಒಂದಿಡೀ ಪುಟ ಕೊಟ್ಟೆವು. ಕೈಗೂಡದ ದಾಳಿಯನ್ನು ವರದಿಯಿಂದ ಬಿಡುವ ಚಾಳಿ ನಮ್ಮ ವೃತ್ತಿಯಲ್ಲಿದೆ, ನನಗೆ ಅದು ಒಪ್ಪಿಗೆಯಿಲ್ಲ. ಯಾವ ರಕ್ಷಣೆ ಕೆಲಸ ಮಾಡಿತು ಎಂದು ಗ್ರಾಹಕರಿಗೆ ಗೊತ್ತಾಗದಿದ್ದರೆ, ನಾಳೆ ಯಾವುದೋ ಹಳೆಯ ಸ್ಕ್ಯಾನರ್ ಕೆಲಸ ಮಾಡುತ್ತಿಲ್ಲವೆಂದು ಆ ರಕ್ಷಣೆಯನ್ನೇ ಆಫ್ ಮಾಡಿಬಿಡುತ್ತಾರೆ.

ಒಂದು ಹೆಸರು, ಎರಡು ವಿಳಾಸ

ತಿರುವು ಬಂದದ್ದು ಬಹಳ ಸಪ್ಪೆ ಕೆಲಸದಿಂದ. ಕಚೇರಿ ಭಾಗದವರಿಗೆ ಡಿಎನ್‌ಎಸ್ ಬೇಕೇ ಬೇಕು, ಆದ್ದರಿಂದ ಡೊಮೇನ್ ಕಂಟ್ರೋಲರ್‌ನ 53ನೇ ಪೋರ್ಟ್ ನಮಗೂ ತೆರೆದಿತ್ತು. ಸರ್ವರ್ ಭಾಗದ ಪ್ರತಿ ಐಪಿಗೂ ಹೆಸರೇನು ಎಂದು ಕೇಳಿ ಪಟ್ಟಿ ಮಾಡು, ಆಮೇಲೆ ಪ್ರತಿ ಹೆಸರಿಗೂ ಐಪಿ ಯಾವುದು ಎಂದು ತಿರುಗಿಸಿ ಕೇಳು ಎಂದು ಸಹೋದ್ಯೋಗಿಗೆ ಹೇಳಿದ್ದೆ. ಇದರಲ್ಲಿ ಒಂದೇ ಒಂದು ಪ್ಯಾಕೆಟ್ ಕೂಡ ಗುರಿಯಂತ್ರಕ್ಕೆ ಹೋಗುವುದಿಲ್ಲ.

"ಸರ್, ಬ್ಯಾಕಪ್ ಸರ್ವರ್ ಹೆಸರಿಗೆ ಎರಡು ಐಪಿ ಬರ್ತಿದೆ. ಒಂದು 10.20.30.15, ಇನ್ನೊಂದು 10.20.50.15."

30 ಸರ್ವರ್ ಭಾಗ. 50 ಲೆಕ್ಕಪತ್ರ ಭಾಗ.

ವಿಂಡೋಸ್ ಯಂತ್ರಕ್ಕೆ ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದರೆ, ಬೇಡವೆಂದು ಹೇಳದ ಹೊರತು ಎರಡರ ವಿಳಾಸವನ್ನೂ ಅದು ಡಿಎನ್‌ಎಸ್‌ನಲ್ಲಿ ತಾನೇ ನೋಂದಾಯಿಸುತ್ತದೆ. ಅಂದರೆ ಬ್ಯಾಕಪ್ ಸರ್ವರ್‌ನ ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ಅಲ್ಲಿ. ನಕ್ಷೆಯಲ್ಲಿ ಅದಕ್ಕೆ ಒಂದೇ ಗೆರೆಯಿತ್ತು. ಕಾರಣ ಆಮೇಲೆ ತಿಳಿಯಿತು. ಡೇಟಾಬೇಸ್‌ನ ರಾತ್ರಿ ಬ್ಯಾಕಪ್ ಫೈರ್‌ವಾಲ್ ಮೂಲಕ ಹಾದರೆ ಬೆಳಗಾದರೂ ಮುಗಿಯುತ್ತಿರಲಿಲ್ಲವಂತೆ. ಯಾರೋ ಎರಡನೇ ಕಾರ್ಡ್ ಹಾಕಿ ನೇರ ಕೇಬಲ್ ಎಳೆದಿದ್ದರು. ಬ್ಯಾಕಪ್ ಬೇಗ ಮುಗಿಯತೊಡಗಿತು, ನಕ್ಷೆ ಮಾತ್ರ ಹಳೆಯದೇ ಉಳಿಯಿತು.

ಈಗ ಗುರಿ ಡೇಟಾಬೇಸ್ ಅಲ್ಲ, ಬ್ಯಾಕಪ್ ಸರ್ವರ್. ಕಚೇರಿ ಭಾಗದಿಂದ ಅದರ ಮೇಲೆ ತೆರೆದಿದ್ದದ್ದು ಒಂದೇ ಪೋರ್ಟ್, ಫೈಲ್ ಹಂಚಿಕೆಯ 445. ಅದು ಯಾಕೆ ತೆರೆದಿದೆ ಎಂಬ ಕುತೂಹಲವೇ ನಮ್ಮನ್ನು ಪ್ರಿಂಟರ್ ಕಡೆಗೆ ಕರೆದೊಯ್ದದ್ದು.

ಪ್ರಿಂಟರ್

ಕಚೇರಿ ಭಾಗದಲ್ಲಿ ಯುಡಿಪಿ 161ನ್ನು ನೋಡಿದಾಗ ಹಲವು ಸಾಧನಗಳು ಎಸ್‌ಎನ್‌ಎಂಪಿ (ಸಾಧನಗಳ ವಿವರ ಕೇಳುವ ವಿಧಾನ) ಕೋರಿಕೆಗೆ "ಪಬ್ಲಿಕ್" ಎಂಬ ಹುಟ್ಟುಪದಕ್ಕೇ (ತಯಾರಕರೇ ಇಟ್ಟು ಕಳಿಸುವ, ಪಾಸ್‌ವರ್ಡಿನಂಥ ಪದಕ್ಕೇ) ಉತ್ತರ ಕೊಟ್ಟವು. ಅದರಲ್ಲೊಂದು ಪ್ರತಿ ತೆಗೆಯುವ, ಸ್ಕ್ಯಾನ್ ಮಾಡುವ ದೊಡ್ಡ ಪ್ರಿಂಟರ್. ಎಸ್‌ಎನ್‌ಎಂಪಿಯಿಂದ ಮಾದರಿ ತಿಳಿಯಿತು. ಅದರ ವೆಬ್ ಪುಟದ ನಿರ್ವಾಹಕ ಪಾಸ್‌ವರ್ಡ್ ತಯಾರಕರ ಕೈಪಿಡಿಯಲ್ಲಿರುವುದೇ ಆಗಿತ್ತು.

ಒಂದು ಅಡ್ಡಮಾತು. ಪ್ರಿಂಟರುಗಳನ್ನು ಸ್ಕ್ಯಾನ್ ಮಾಡುವಾಗ ಕೈ ಹಗುರವಿರಲಿ. 9100ನೇ ಪೋರ್ಟ್‌ಗೆ ಏನು ಕಳಿಸಿದರೂ ಬಹಳಷ್ಟು ಪ್ರಿಂಟರುಗಳು ಅದನ್ನು ಹಾಳೆಯ ಮೇಲೆ ಅಚ್ಚು ಹಾಕುತ್ತವೆ. ಎನ್‌ಮ್ಯಾಪ್ ಕೂಡ ಆವೃತ್ತಿ ಪತ್ತೆ ಮಾಡುವಾಗ 9100ರಿಂದ 9107ರವರೆಗಿನ ಪೋರ್ಟ್‌ಗಳನ್ನು ತಾನಾಗಿ ಬಿಟ್ಟುಬಿಡುತ್ತದೆ. ಟ್ರೇ ತುಂಬ ಅರ್ಥವಿಲ್ಲದ ಹಾಳೆಗಳು ಬಿದ್ದಿದ್ದನ್ನು ಕಂಡ ಸಿಬ್ಬಂದಿ ಮೊದಲು ಕರೆಯುವುದು ರಿಪೇರಿಯವರನ್ನು, ಆಮೇಲೆ ನಮ್ಮನ್ನು.

ವೆಬ್ ಪುಟದಲ್ಲಿ ಎರಡು ವಿಷಯ ಕಂಡವು. ಸ್ಕ್ಯಾನ್ ಮಾಡಿದ ಕಡತ ಬಂದು ಬೀಳುವ ಫೋಲ್ಡರ್ ಬ್ಯಾಕಪ್ ಸರ್ವರ್ ಮೇಲಿತ್ತು, ಅಲ್ಲಿ ಡಿಸ್ಕ್ ಜಾಗ ಧಾರಾಳವಾಗಿತ್ತು. 445 ತೆರೆದಿದ್ದದ್ದು ಅದಕ್ಕೇ. ಎರಡನೆಯದು, ಇಮೇಲ್ ವಿಳಾಸ ಹುಡುಕಲು ಪ್ರಿಂಟರ್ ಒಂದು ಸರ್ವೀಸ್ ಅಕೌಂಟ್ (ಯಂತ್ರಗಳ ಬಳಕೆಗೆಂದೇ ಇರುವ ಅಕೌಂಟ್) ಬಳಸಿ, ಎಲ್‌ಡ್ಯಾಪ್ ಎಂಬ ಹುಡುಕಾಟದ ವಿಧಾನದ ಮೂಲಕ, ಬಳಕೆದಾರರ ಪಟ್ಟಿಯಿರುವ ಆಕ್ಟಿವ್ ಡೈರೆಕ್ಟರಿಗೆ ಲಾಗಿನ್ ಆಗುತ್ತಿತ್ತು. ಅಕೌಂಟ್ ಹೆಸರು ಪರದೆಯ ಮೇಲೆ ಕಾಣುತ್ತಿತ್ತು. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕೆಗಳು.

ಚುಕ್ಕೆಗಳ ಹಿಂದೆ ಏನಿದೆ ಎಂದು ಪುಟ ತೋರಿಸುವುದಿಲ್ಲ, ಸರಿ. ಆದರೆ ಸರ್ವರ್ ವಿಳಾಸವನ್ನು ಬದಲಿಸಿದಾಗ ಪಾಸ್‌ವರ್ಡನ್ನು ಮತ್ತೆ ಕೇಳುವುದೂ ಇಲ್ಲ. ಡೊಮೇನ್ ಕಂಟ್ರೋಲರ್‌ನ ವಿಳಾಸವಿದ್ದಲ್ಲಿ ನಮ್ಮ ಲ್ಯಾಪ್‌ಟಾಪ್‌ನ ಐಪಿ ಹಾಕಿ, ಸಂಪರ್ಕ ಪರೀಕ್ಷಿಸುವ ಬಟನ್ ಒತ್ತಿದರೆ, ಪ್ರಿಂಟರ್ ತಾನಾಗಿಯೇ ಆ ಪಾಸ್‌ವರ್ಡನ್ನು ನಮಗೆ ತಂದೊಪ್ಪಿಸುತ್ತದೆ. ಎಲ್‌ಡ್ಯಾಪ್ ಬಳಸುವ 389ನೇ ಪೋರ್ಟ್‌ನ ಸಾದಾ ಬೈಂಡ್‌ನಲ್ಲಿ (ಲಾಗಿನ್‌ನಲ್ಲಿ) ಗೂಢಲಿಪಿ ಇಲ್ಲ.

ಇಲ್ಲಿ ನಾವು ಕೈ ತಡೆದೆವು. ಅದು ಸೆಟ್ಟಿಂಗ್ ಬದಲಾವಣೆ, ಕ್ಷಣದ ಮಟ್ಟಿಗೇ ಆದರೂ. ಸಂಪರ್ಕದ ವ್ಯಕ್ತಿಗೆ ಕರೆ ಮಾಡಿ, ಏನು ಮಾಡಲಿದ್ದೇವೆ, ಆ ಹೊತ್ತಿನಲ್ಲಿ ಯಾರಾದರೂ ಸ್ಕ್ಯಾನ್ ಮಾಡಿದರೆ ಏನಾಗುತ್ತದೆ ಎಂದು ವಿವರಿಸಿದೆವು. ಅವರು ಸಿಬ್ಬಂದಿ ಊಟಕ್ಕೆ ಎದ್ದಾಗ ಮಾಡಿ ಎಂದರು. ಮೂಲ ಸೆಟ್ಟಿಂಗ್‌ನ ಚಿತ್ರ ತೆಗೆದುಕೊಂಡು, ಬದಲಿಸಿ, ಬಟನ್ ಒತ್ತಿ, ಪಾಸ್‌ವರ್ಡ್ ಬಂದದ್ದೇ ಹಳೆಯ ವಿಳಾಸವನ್ನು ಮರಳಿ ಹಾಕಿದೆವು. ಆಮೇಲೆ ಪ್ರಿಂಟರ್‌ನಲ್ಲಿ ಒಂದು ಹೆಸರು ಹುಡುಕಿ, ಎಲ್ಲ ಮೊದಲಿನಂತಿದೆ ಎಂದು ಖಾತ್ರಿ ಮಾಡಿಕೊಂಡೆವು.

ಒಂದೇ ಪ್ರಯತ್ನ

ಪಾಸ್‌ವರ್ಡ್ ಸಿಕ್ಕಾಗ ಅದನ್ನು ಜಾಲದ ಎಲ್ಲ ಯಂತ್ರಗಳ ಮೇಲೂ ಎರಚಿ ನೋಡುವ ಆಸೆ ಯಾರಿಗಾದರೂ ಬರುತ್ತದೆ. ಅದರಿಂದ ಗದ್ದಲ ಎಷ್ಟಾಗುತ್ತದೋ ಆಗಲಿ, ಉತ್ತರ ಬೇಕಿದ್ದದ್ದು ಒಂದೇ ಯಂತ್ರದ ಬಗ್ಗೆ. ಬ್ಯಾಕಪ್ ಸರ್ವರ್‌ನ 445ರಲ್ಲಿ ಒಂದು ಸಲ ಪ್ರಯತ್ನಿಸಿದೆವು. ಲಾಗಿನ್ ಆಯಿತು. ಆಡಳಿತಕ್ಕೆಂದು ಮೀಸಲಾದ ಹಂಚಿಕೆಯೂ ತೆರೆದುಕೊಂಡಿತು. ಅಂದರೆ ಇಮೇಲ್ ವಿಳಾಸ ಹುಡುಕಲೆಂದು ಮಾಡಿದ ಅಕೌಂಟ್ ಆ ಯಂತ್ರದ ಅಡ್ಮಿನ್ ಗುಂಪಿನಲ್ಲಿತ್ತು. ಎಂದೋ ಒಮ್ಮೆ ಸ್ಕ್ಯಾನ್ ಫೋಲ್ಡರ್‌ಗೆ ಬರೆಯಲು ಅನುಮತಿ ಸರಿಹೋಗದೆ, ಹೇಗಾದರೂ ಕೆಲಸವಾಗಲಿ ಎಂದು ಸೇರಿಸಿ, ತೆಗೆಯಲು ಮರೆತಿದ್ದರು.

ಸಹೋದ್ಯೋಗಿಗೆ ಮುಂದೆ ಹೋಗುವ ಉಮೇದು. ಸರ್ವರ್‌ನ ಮೆಮೊರಿಯಲ್ಲಿ ಬೇರೆ ಅಡ್ಮಿನ್‌ಗಳ ಗುರುತುಗಳಿರಬಹುದು, ಅವನ್ನು ತೆಗೆದರೆ ಇಡೀ ಡೊಮೇನ್ ಕೈಗೆ ಬರಬಹುದು. ಬರಬಹುದಿತ್ತು, ನಿಜ. ಆದರೆ ಅವರು ಕೇಳಿದ್ದು ಅದಲ್ಲ. ಬ್ಯಾಕಪ್ ಸರ್ವರ್‌ನಂಥ ಯಂತ್ರದಲ್ಲಿ ಮೆಮೊರಿಗೆ ಕೈ ಹಾಕಿ ಆ ರಾತ್ರಿಯ ಬ್ಯಾಕಪ್ ನಿಂತರೆ, ಸಂಸ್ಥೆಗೆ ಹಾನಿ ಮಾಡಿದವರು ನಾವೇ ಆಗುತ್ತೇವೆ. ಮತ್ತೊಮ್ಮೆ ಕರೆ ಮಾಡಿ ಹೇಳಿ, ಆ ಯಂತ್ರದ ಮೇಲೆ ತಾತ್ಕಾಲಿಕ ಸರ್ವೀಸ್ ಒಂದರ ಮೂಲಕ ಒಂದೇ ಒಂದು ಪವರ್‌ಶೆಲ್ ಆಜ್ಞೆ ಓಡಿಸಿದೆವು. ಡೇಟಾಬೇಸ್‌ನ 1433ನೇ ಪೋರ್ಟ್‌ಗೆ ಸಂಪರ್ಕ ಆಗುತ್ತದೆಯೇ ಎಂದು. ಉತ್ತರದ ಕೊನೆಯ ಸಾಲು "ಟಿಸಿಪಿ ಟೆಸ್ಟ್ ಸಕ್ಸೀಡೆಡ್: ಟ್ರೂ". ಅಲ್ಲಿಗೆ ನಿಲ್ಲಿಸಿ, ಸರ್ವೀಸ್ ಅಳಿಸಿ, ಸಮಯ ಬರೆದಿಟ್ಟೆವು.

ಆ ಸಮಯ ಆಮೇಲೆ ಉಪಯೋಗಕ್ಕೆ ಬಂತು. ಹೊಸ ಸರ್ವೀಸ್ ಸೇರಿದಾಗ ವಿಂಡೋಸ್ 7045 ಸಂಖ್ಯೆಯ ಘಟನೆಯನ್ನು ದಾಖಲಿಸುತ್ತದೆ. ಬ್ಯಾಕಪ್ ಸರ್ವರ್‌ನಲ್ಲಿ ಅದು ನಮ್ಮ ಟಿಪ್ಪಣಿಯ ಹೊತ್ತಿಗೆ ಸರಿಯಾಗಿ ದಾಖಲಾಗಿತ್ತು ಕೂಡ. ನಿಗಾ ತಂಡಕ್ಕೆ ಮಾತ್ರ ಏನೂ ಗೊತ್ತಿರಲಿಲ್ಲ, ಏಕೆಂದರೆ ಲಾಗ್‌ಗಳನ್ನು ಒಂದೆಡೆ ಕಲೆಹಾಕುವ ವ್ಯವಸ್ಥೆಯಲ್ಲಿ ಬ್ಯಾಕಪ್ ಸರ್ವರ್‌ನ ಹೆಸರೇ ಇರಲಿಲ್ಲ.

ವರದಿಯ ಸಭೆ

ಜಾಲ ನಿರ್ವಾಹಕರು ಅನುಭವಿ. ಮೊದಲ ಮಾತೇ, "ಫೈರ್‌ವಾಲ್ ನಿಯಮದಲ್ಲಿ ತಪ್ಪು ತೋರಿಸಿ." ತೋರಿಸಲು ಇರಲಿಲ್ಲ. ಕಚೇರಿಯಿಂದ ಲೆಕ್ಕಪತ್ರಕ್ಕೆ ಹೋಗುವುದನ್ನು ಅದು ಪೂರ್ತಿ ತಡೆಯುತ್ತಿತ್ತು. ಆಮೇಲೆ ಅವರು ಇನ್ನೊಂದು ನ್ಯಾಯವಾದ ಪ್ರಶ್ನೆ ಎತ್ತಿದರು: "ಬ್ಯಾಕಪ್ ಸರ್ವರ್‌ನಲ್ಲಿ ರೂಟಿಂಗ್ ಆಫ್ ಇದೆಯಲ್ಲ? ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಪ್ಯಾಕೆಟ್ ಹೋಗೋದೇ ಇಲ್ಲ."

ರೂಟಿಂಗ್ ಆಫ್ ಇದ್ದರೆ ಹೊರಗಿನ ಪ್ಯಾಕೆಟ್ ಹಾದುಹೋಗುವುದಿಲ್ಲ ಎಂಬುದು ಸರಿ. ನಾವು ಪ್ಯಾಕೆಟ್ ಹಾಯಿಸಲಿಲ್ಲ. ಆ ಯಂತ್ರದ ಮೇಲೆಯೇ ಕೂತು, ಅಲ್ಲಿಂದ ಹೊಸ ಸಂಪರ್ಕ ಶುರು ಮಾಡಿದೆವು. ಡೇಟಾಬೇಸ್ ಕಣ್ಣಿಗೆ ಅದು ತನ್ನದೇ ಭಾಗದ 10.20.50.15ರಿಂದ ಬಂದ ಮಾತು. ಎರಡು ಜಾಲಗಳಲ್ಲಿ ಕಾಲಿಟ್ಟ ಯಂತ್ರವನ್ನು ಹಿಡಿದವನಿಗೆ ಎರಡು ಜಾಲವೂ ಸಿಗುತ್ತದೆ. ಈ ವ್ಯತ್ಯಾಸವನ್ನು ಬಿಳಿಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಸಭೆಯ ದನಿ ಬದಲಾಯಿತು.

ಇನ್ನೊಂದು ತೊಡಕು ದೋಷಗಳಿಗೆ ಕೊಡುವ ಗಂಭೀರತೆಯ ಅಂಕಗಳದ್ದು. ಎಸ್‌ಎನ್‌ಎಂಪಿಯ ಹುಟ್ಟುಪದ, ಪ್ರಿಂಟರ್ ಪಾಸ್‌ವರ್ಡ್, ಅಡ್ಮಿನ್ ಗುಂಪಿನ ಅಕೌಂಟ್, ಎರಡು ಕಾರ್ಡ್: ಬಿಡಿಬಿಡಿಯಾಗಿ ನೋಡಿದರೆ ಯಾವುದೂ ತುರ್ತು ಎನಿಸುವುದಿಲ್ಲ. ಅವರ ಹಳೆಯ ಸ್ವಯಂಚಾಲಿತ ಸ್ಕ್ಯಾನ್ ವರದಿಯಲ್ಲಿ ಮೊದಲಿನದು ಪಟ್ಟಿಯ ಬುಡದಲ್ಲೆಲ್ಲೋ ಇತ್ತು, ಕೊನೆಯ ಎರಡು ಇರಲೇ ಇಲ್ಲ. ಕಾರ್ಡುಗಳೆರಡಿರುವುದು ಯಾವ ಸಾಫ್ಟ್‌ವೇರ್‌ನ ದೋಷವೂ ಅಲ್ಲ, ಅದಕ್ಕೆ ಪ್ಯಾಚ್ ಇಲ್ಲ. ಆದ್ದರಿಂದ ನಾವು ದೋಷಗಳ ಪಟ್ಟಿಗಿಂತ ಮೊದಲು ಇಡೀ ದಾರಿಯನ್ನು ಒಂದೇ ಘಟನೆಯಾಗಿ ಬರೆದು, ಅದಕ್ಕೊಂದು ಗಂಭೀರತೆ ಕೊಟ್ಟೆವು.

ಯಾವ ಕೊಂಡಿಯನ್ನು ಮೊದಲು ಕತ್ತರಿಸುವುದು ಎಂಬುದರ ಮೇಲೆ ಚರ್ಚೆ ಉದ್ದವಾಯಿತು. ಪ್ರಿಂಟರ್ ಪಾಸ್‌ವರ್ಡ್ ಬದಲಿಸುವುದು ಸುಲಭ, ಅಂದೇ ಆಯಿತು. ಆದರೆ ಆ ಅಕೌಂಟ್ ಇನ್ನೆಲ್ಲಿಂದಾದರೂ ಸೋರಿದರೆ ದಾರಿ ಹಾಗೆಯೇ ಉಳಿಯುತ್ತದೆ. ಎಲ್‌ಡ್ಯಾಪ್ ಬದಲು 636ರ ಗೂಢಲಿಪಿ ಸಂಪರ್ಕ ಬಳಸೋಣ ಎಂದು ಒಬ್ಬರು ಸೂಚಿಸಿದರು. ಒಳ್ಳೆಯದೇ. ಪ್ರಿಂಟರ್ ಎದುರಿನ ಪ್ರಮಾಣಪತ್ರವನ್ನು ನಿಜವಾಗಿ ಪರಿಶೀಲಿಸದಿದ್ದರೆ ಮಾತ್ರ ಅದು ಪಾಸ್‌ವರ್ಡನ್ನು ಗೂಢಲಿಪಿಯಲ್ಲೇ ದಾಳಿಕಾರನಿಗೆ ಕಳಿಸುತ್ತದೆ, ಅಷ್ಟೇ. ಇನ್ನೊಂದು ಸಂಗತಿಯೂ ಆ ಮಾತಿನಲ್ಲೇ ಹೊರಬಿತ್ತು. ಡೊಮೇನ್ ಕಂಟ್ರೋಲರ್‌ನಲ್ಲಿ ಎಲ್‌ಡ್ಯಾಪ್ ಸೈನಿಂಗ್ ಕಡ್ಡಾಯ ಮಾಡದೆ ಉಳಿದದ್ದೇ ಈ ಪ್ರಿಂಟರ್‌ಗಾಗಿ. ಮಾಡಿದರೆ ಅದರ ಸಾದಾ ಬೈಂಡ್ ತಿರಸ್ಕೃತವಾಗುತ್ತಿತ್ತು.

ಕೊನೆಗೆ ಒಪ್ಪಿದ್ದು: ಅಕೌಂಟನ್ನು ಅಡ್ಮಿನ್ ಗುಂಪಿನಿಂದ ತೆಗೆದು ಎರಡು ಕೆಲಸಕ್ಕೆ ಎರಡು ಅಕೌಂಟ್ ಮಾಡುವುದು, ಸ್ಕ್ಯಾನ್ ಫೋಲ್ಡರನ್ನು ಫೈಲ್ ಸರ್ವರ್‌ಗೆ ಒಯ್ದು ಕಚೇರಿಯಿಂದ ಬ್ಯಾಕಪ್ ಸರ್ವರ್‌ಗಿದ್ದ 445ನ್ನು ಮುಚ್ಚುವುದು, ಬ್ಯಾಕಪ್ ಸರ್ವರ್‌ನ ಲಾಗ್‌ಗಳನ್ನು ನಿಗಾ ವ್ಯವಸ್ಥೆಗೆ ಸೇರಿಸುವುದು, ಎರಡನೇ ಕಾರ್ಡನ್ನು ತೆಗೆಯುವುದು.

ಮರುಪರೀಕ್ಷೆ

ಮರುಪರೀಕ್ಷೆಗೆ ಹೋದಾಗ ಬ್ಯಾಕಪ್ ಸರ್ವರ್ ಹೆಸರಿಗೆ ಡಿಎನ್‌ಎಸ್ ಒಂದೇ ವಿಳಾಸ ಕೊಟ್ಟಿತು. 445 ಮುಚ್ಚಿತ್ತು. ಸಹೋದ್ಯೋಗಿ ಹಿಂದಿನ ಹೆಜ್ಜೆಗಳನ್ನೆಲ್ಲ ಅದೇ ಕ್ರಮದಲ್ಲಿ ಮಾಡಿ, ಹೆಚ್ಚಿನವುಗಳ ಮುಂದೆ ಸರಿಪಡಿಸಲಾಗಿದೆ ಎಂದು ಗುರುತು ಹಾಕಿದಳು. ಆದರೆ ಕೊನೆಯದರ ಮುಂದೆ ಪೆನ್ನು ನಿಲ್ಲಿಸಿ, "ಸರ್, ಡಿಎನ್‌ಎಸ್‌ನಲ್ಲಿ ಇಲ್ಲ ಅಂದ್ರೆ ಕಾರ್ಡ್ ಇಲ್ಲ ಅಂತ ಆಗುತ್ತಾ?" ಎಂದಳು.

ಆಗುವುದಿಲ್ಲ. ನಿರ್ವಾಹಕರ ಪಕ್ಕದಲ್ಲೇ ಕೂತು ಸರ್ವರ್‌ನ ರೂಟ್ ಪಟ್ಟಿ ತೆರೆಸಿದೆವು. 10.20.50ರ ಸಾಲು ಹಾಗೆಯೇ ಇತ್ತು. ಕೆಳಗಿನ ಹಂತದ ಯಾರೋ ಆ ಕಾರ್ಡಿನ ವಿಳಾಸ ಡಿಎನ್‌ಎಸ್‌ನಲ್ಲಿ ನೋಂದಾಯಿಸು ಎಂಬ ಟಿಕ್ ತೆಗೆದು, ವರದಿಯಲ್ಲಿನ ಲಕ್ಷಣವನ್ನು ಮಾಯ ಮಾಡಿದ್ದರು. ದುರುದ್ದೇಶವೇನೂ ಇರಲಿಲ್ಲ. ಟಿಕೆಟ್‌ನಲ್ಲಿ "ಎರಡು ವಿಳಾಸ ಕಾಣುತ್ತಿದೆ" ಎಂದಷ್ಟೇ ನಕಲಾಗಿತ್ತು, ಅವರು ಕಾಣದಂತೆ ಮಾಡಿದ್ದರು.

ಎರಡನೇ ಸಲದ ಪರಿಹಾರಕ್ಕೆ ಹೆಚ್ಚು ಸಮಯ ಹಿಡಿಯಿತು. ನೇರ ಕೇಬಲ್ ತೆಗೆದರು. ಫೈರ್‌ವಾಲ್ ಮೂಲಕ ಪ್ರತಿ ರಾತ್ರಿ ಇಡೀ ಡೇಟಾಬೇಸ್‌ನ ಬ್ಯಾಕಪ್ ಸಾಗುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ಪೂರ್ತಿ, ಉಳಿದ ರಾತ್ರಿ ಬದಲಾದಷ್ಟು ಮಾತ್ರ ಎಂದು ವೇಳಾಪಟ್ಟಿ ಬದಲಿಸಿದರು. ಸಂಪರ್ಕದ ದಿಕ್ಕನ್ನೂ ತಿರುಗಿಸಿದರು: ಡೇಟಾಬೇಸ್ ಕಡೆಯಿಂದಲೇ ಒಂದು ಪೋರ್ಟ್‌ನಲ್ಲಿ ಬ್ಯಾಕಪ್ ಸರ್ವರ್‌ಗೆ ಮಾತು ಶುರುವಾಗಬೇಕು, ಬ್ಯಾಕಪ್ ಸರ್ವರ್ ತಾನಾಗಿ ಆ ಭಾಗಕ್ಕೆ ಏನನ್ನೂ ಶುರು ಮಾಡುವಂತಿಲ್ಲ. ಈ ಸಲ ಸ್ಕ್ಯಾನನ್ನು ಕಚೇರಿ ಭಾಗದಿಂದ ಒಮ್ಮೆ, ಬ್ಯಾಕಪ್ ಸರ್ವರ್ ಮೇಲಿಂದ ಇನ್ನೊಮ್ಮೆ ಓಡಿಸಿದೆವು. ಎರಡೂ ಕಡೆಯಿಂದ ಲೆಕ್ಕಪತ್ರ ಭಾಗ ಫಿಲ್ಟರ್ಡ್.

"ಪಬ್ಲಿಕ್" ಎಂಬ ಪದಕ್ಕೆ ಉತ್ತರ ಕೊಡುತ್ತಿದ್ದ ಒಂದು ಹಳೆಯ ಸಾಧನ ಮಾತ್ರ ಹಾಗೆಯೇ ಉಳಿಯಿತು. ಅದರಲ್ಲಿ ಆ ಪದ ಬದಲಿಸುವ ಸೌಲಭ್ಯವಿಲ್ಲ, ಎಸ್‌ಎನ್‌ಎಂಪಿಯ ಮೂರನೇ ಆವೃತ್ತಿಯೂ ಇಲ್ಲ. ಪ್ರಿಂಟರುಗಳಿಗೆಂದೇ ಹೊಸದಾಗಿ ಮಾಡಿದ ವಿಎಲ್ಯಾನ್‌ಗೆ ಅದನ್ನು ಸೇರಿಸಿ, ಬದಲಿ ಯಂತ್ರ ಬರುವ ತನಕದ ಅಪಾಯವನ್ನು ಸಂಸ್ಥೆ ಲಿಖಿತವಾಗಿ ಒಪ್ಪಿಕೊಂಡಿತು.